ಓಪನ್‌ಬಾಕ್ಸ್ ಲ್ಯಾಪ್‌ಟಾಪ್‌ಗೆ ನಾನು ಜೋಡಿಸಿಕೊಂಡ ಪುಟ್ಟ ಸಾಧನಗಳು

ಲಿನಕ್ಸ್‌ನಲ್ಲಿ ಗ್ನೋಮ್‌ನಂಥ ದೊಡ್ಡ ಡೆಸ್ಕ್‌ಟಾಪ್ ಬಿಟ್ಟು, ಕಿಟಕಿಗಳನ್ನಷ್ಟೇ ನಿಭಾಯಿಸುವ ಓಪನ್‌ಬಾಕ್ಸ್‌ಗೆ ಬಂದಾಗ ಕಿಟಕಿಗಳೇನೋ ಸರಸರನೆ ತೆರೆದುಕೊಂಡವು. ಆದರೆ ಪರದೆಯ ಬೆಳಕಿನ ಕೀಲಿ ಕೆಲಸ ಮಾಡಲಿಲ್ಲ, ಬ್ಯಾಟರಿ ಇಳಿದರೂ ಎಚ್ಚರಿಕೆ ಬರಲಿಲ್ಲ, ಮುಚ್ಚಳ ತೆರೆದರೆ ಪಾಸ್‌ವರ್ಡ್ ಕೇಳದೆ ಎಲ್ಲವೂ ಎದುರಿಗೆ ಬಂತು. ಈ ಕೊರತೆಗಳನ್ನು ತುಂಬುವಾಗ ನಾನು ಹಿಡಿದ ಪಟ್ಟು ಒಂದೇ: ಕರೆದಾಗ ಬಂದು ಕೆಲಸ ಮುಗಿಸಿ ಹೊರಡುವ ಸಾಧನವಿದ್ದರೆ, ಹಿನ್ನೆಲೆಯಲ್ಲಿ ಸದಾ ಕೂರುವ ಪ್ರೋಗ್ರಾಂ ಬೇಡ.

ಬೆಳಕಿಗೆ ಎಕ್ಸ್‌ಬ್ಯಾಕ್‌ಲೈಟ್ ಎಂಬ ಹಳೆಯ ಸಾಧನ ಒಗ್ಗಲಿಲ್ಲ. ಪರದೆಯನ್ನು ನಡೆಸುವ ಮೋಡ್‌ಸೆಟ್ಟಿಂಗ್ ಡ್ರೈವರ್ ಅದಕ್ಕೆ ಬೇಕಾದ ಬ್ಯಾಕ್‌ಲೈಟ್ ಗುಣವನ್ನು ಒದಗಿಸುವುದೇ ಇಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ ಬೆಳಕಿನ ಮಟ್ಟವನ್ನು ಒಂದು ಫೈಲಾಗಿ ತೋರಿಸುತ್ತದೆ, ಆದರೆ ಅದಕ್ಕೆ ಬರೆಯುವ ಹಕ್ಕು ರೂಟ್ ಎಂಬ ಆಡಳಿತ ಖಾತೆಗೆ ಮಾತ್ರ. ಬ್ರೈಟ್‌ನೆಸ್‌ಸಿಟಿಎಲ್ ಎಂಬ ಸಾಧನ ಆ ಕೆಲಸವನ್ನು, ಲಾಗಿನ್ ನೋಡಿಕೊಳ್ಳುವ ಲಾಗಿನ್‌ಡಿ ಸೇವೆಯ ಮೂಲಕ ಮಾಡಿಸುವುದರಿಂದ ರೂಟ್ ಹಕ್ಕು ಪಡೆಯುವ ಸುಡೊ ಆಜ್ಞೆ ಬೇಕಾಗುವುದಿಲ್ಲ. ಎರಡು ಆಯ್ಕೆಗಳನ್ನು ಬಿಡಬೇಡಿ. ಒಂದು ಕನಿಷ್ಠ ಮಟ್ಟ: ಕೆಲವು ಪರದೆಗಳು ಸೊನ್ನೆಗೆ ಇಳಿದರೆ ಪೂರ್ತಿ ಕತ್ತಲಾಗುತ್ತವೆ. ಇನ್ನೊಂದು ಎಕ್ಸ್‌ಪೊನೆಂಟ್: ಮಂದ ಬೆಳಕಿನಲ್ಲಿ ಕಣ್ಣಿಗೆ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ, ಇದನ್ನು ಹಾಕಿದರೆ ಪ್ರತಿ ಹೆಜ್ಜೆಯೂ ಸಮನಾಗಿ ಕಾಣುತ್ತದೆ. ರಾತ್ರಿ ಓದುವವರಿಗೆ ಇದು ನಿಜಕ್ಕೂ ವರ.

ಬ್ಯಾಟರಿಗೆ ಐಕಾನ್ ಇಡಲಿಲ್ಲ. ನನ್ನ ಪರದೆಯಲ್ಲಿ ಪ್ಯಾನೆಲ್ಲೇ ಇಲ್ಲ. ಶೇಕಡಾವಾರು ಮಟ್ಟವನ್ನೂ ಚಾರ್ಜಿಂಗ್ ಸ್ಥಿತಿಯನ್ನೂ ಕರ್ನಲ್ ಫೈಲುಗಳಿಂದ ಓದುವ ಪುಟ್ಟ ಸ್ಕ್ರಿಪ್ಟ್ ಬರೆದು, ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಟೈಮರ್ ಅದನ್ನು 2 ನಿಮಿಷಕ್ಕೊಮ್ಮೆ ಎಬ್ಬಿಸುವಂತೆ ಮಾಡಿದ್ದೇನೆ. ಚಾರ್ಜರ್ ಇಲ್ಲದೆ ಮಟ್ಟ 15ಕ್ಕೆ ಇಳಿದರೆ ಸೂಚನೆಗಳನ್ನು ತೋರಿಸುವ ಡನ್‌ಸ್ಟ್ ಎಚ್ಚರಿಕೆ ಕೊಡುತ್ತದೆ. ಅದನ್ನು ತುರ್ತು ಎಂದು ಗುರುತಿಸಿರುವುದರಿಂದ ನಾನು ಮುಚ್ಚುವವರೆಗೂ ಅಲ್ಲೇ ಇರುತ್ತದೆ.

ವೈಫೈಗೆ ನೆಟ್‌ವರ್ಕ್‌ಮ್ಯಾನೇಜರ್‌ನ ಪಠ್ಯರೂಪದ ಮೆನು ಎನ್‌ಎಂಟಿಯುಐ ಸಾಕು. ಟರ್ಮಿನಲ್‌ನಲ್ಲಿ ತೆರೆದು, ಜಾಲ ಆರಿಸಿ, ಮುಚ್ಚಿದರಾಯಿತು.

ನನ್ನ ಪಟ್ಟು ಸಡಿಲಿಸಿದ್ದು ಮುಖ್ಯವಾಗಿ ಪರದೆಯ ಬೀಗದ ವಿಷಯದಲ್ಲಿ. ಮುಚ್ಚಳ ಹಾಕಿದರೆ ಲಾಗಿನ್‌ಡಿ ಯಂತ್ರವನ್ನು ಮಲಗಿಸುತ್ತದೆ, ಬೀಗ ಹಾಕುವುದಿಲ್ಲ. ಆ ಗಳಿಗೆಗಾಗಿ ಯಾರಾದರೂ ಕಾದಿರಲೇಬೇಕು. ಎಕ್ಸ್‌ಎಸ್‌ಎಸ್‌-ಲಾಕ್ ಎಂಬ ಪ್ರೋಗ್ರಾಂ ಕಾಯುತ್ತದೆ: ನಿದ್ರೆಯನ್ನು ಕ್ಷಣಕಾಲ ತಡೆದು, ಪರದೆಗೆ ಬೀಗ ಹಾಕುವ ಐತ್ರೀಲಾಕ್ ಅನ್ನು ಓಡಿಸುತ್ತದೆ. ನಿದ್ರೆಯ ತಡೆಯನ್ನು ಬೀಗದ ಪ್ರೋಗ್ರಾಂಗೇ ಹಸ್ತಾಂತರಿಸುವ ಆಯ್ಕೆಯನ್ನೂ ಕೊಡಿ. ಇಲ್ಲದಿದ್ದರೆ ಎಚ್ಚರವಾದಾಗ ಹಳೆಯ ಪರದೆ ಒಮ್ಮೆ ಮಿಂಚಿ ಮಾಯವಾಗಬಹುದು.

ವಿದ್ಯುತ್ ಉಳಿತಾಯಕ್ಕೆ ಟಿಎಲ್‌ಪಿ ಎಂಬ ಸಾಧನ ಇದೆ. ಅದು ಯಂತ್ರ ಶುರುವಾದಾಗ, ಚಾರ್ಜರ್ ಹಾಕಿದಾಗ ಅಥವಾ ತೆಗೆದಾಗ ಸೆಟ್ಟಿಂಗ್‌ಗಳನ್ನು ಬದಲಿಸಿ ಸುಮ್ಮನಾಗುತ್ತದೆ. ಹಾರ್ಡ್‌ವೇರ್ ಒಪ್ಪಿದರೆ, ನಾವು ಹಾಗೆ ಹೊಂದಿಸಿದಾಗ ಚಾರ್ಜಿಂಗ್ ಅನ್ನು ಶೇಕಡಾ 80ಕ್ಕೆ ನಿಲ್ಲಿಸುತ್ತದೆ. ಇದರ ಜೊತೆ ಪವರ್ ಪ್ರೊಫೈಲ್ಸ್ ಡೀಮನ್ ಎಂಬ ಹಿನ್ನೆಲೆ ಪ್ರೋಗ್ರಾಂ ಇಟ್ಟುಕೊಳ್ಳಬೇಡಿ. ಎರಡೂ ಅವೇ ಸೆಟ್ಟಿಂಗ್‌ಗಳನ್ನು ಬದಲಿಸುತ್ತವೆ.