ಸ್ಕ್ವಿರಲ್ ಗರ್ಲ್‌ಗೆ ಒಂದು ಸಿನಿಮಾ: ವಾದ ಮಾಡುವುದು ಹೇಗೆ?

ಅಳಿಲು ಹುಡುಗಿಗೆ ಸ್ವಂತ ಸಿನಿಮಾ ಬೇಕು ಅಂದ ಕೂಡಲೇ ಎದುರಿನವರು ನಗುತ್ತಾರೆ. ನಗಲಿ ಬಿಡಿ. ಮಾರ್ವೆಲ್ ಕಾಮಿಕ್ಸ್‌ನ ಡೊರೀನ್ ಗ್ರೀನ್, ಅಂದರೆ ಈ ಸ್ಕ್ವಿರಲ್ ಗರ್ಲ್, ಯಾರು ಅಂತ ಮೊದಲು ಹೇಳಿ, ಆದರೆ ಶಕ್ತಿಗಳ ಪಟ್ಟಿ ಒಪ್ಪಿಸಬೇಡಿ, ಬೋರ್ ಆಗುತ್ತದೆ.

ಒಂದು ದೃಶ್ಯ ಹೇಳಿ ಸಾಕು. ಸ್ಟೀವ್ ಡಿಟ್ಕೋ ಚಿತ್ರ ಬರೆದ ಅವಳ ಮೊದಲ ಕಥೆಯಲ್ಲೇ ಡಾಕ್ಟರ್ ಡೂಮ್ ಐರನ್ ಮ್ಯಾನ್‌ನನ್ನು ಹಿಡಿದಿಟ್ಟಿರುತ್ತಾನೆ, ಆಗ ಇವಳು ಅಳಿಲುಗಳ ದಂಡನ್ನೇ ಕರೆಸುತ್ತಾಳೆ, ಅವು ಡೂಮ್‌ನ ವಿಮಾನದ ವೈರು ಕಡಿದು, ಮೈಮೇಲೆಲ್ಲಾ ಹತ್ತಿ ಆ ಮಹಾ ಖಳನನ್ನು ಸುಸ್ತು ಮಾಡುತ್ತವೆ. ತೆರೆಯ ಮೇಲೆ ಇದು ಹೇಗಿರಬೇಡ ಹೇಳಿ!

‘ಬರೀ ಜೋಕ್ ಪಾತ್ರ ಅಲ್ವಾ?’ ಅಂತಾರೆ. 2015ರಲ್ಲಿ ಶುರುವಾದ ಅವಳ ಕಾಮಿಕ್ಸ್ ಸರಣಿಯನ್ನು ಮುಂದಿಡಿ. ಅಲ್ಲಿ ಅವಳು ಕಂಪ್ಯೂಟರ್ ಸೈನ್ಸ್ ಓದುವ ಹುಡುಗಿ, ಗ್ರಹಗಳನ್ನೇ ನುಂಗುವ ಗ್ಯಾಲಾಕ್ಟಸ್‌ನ ಜೊತೆ ಸ್ನೇಹ ಮಾಡಿಕೊಂಡು ಭೂಮಿ ಉಳಿಸುತ್ತಾಳೆ. 2017ರಲ್ಲಿ ಆ ಸರಣಿಗೆ ಕಾಮಿಕ್ಸ್ ಲೋಕದ ದೊಡ್ಡ ಗೌರವವಾದ ಐಸ್ನರ್ ಪ್ರಶಸ್ತಿಯೂ ಬಂತು.

ಕಷ್ಟ ಇರುವುದು ದುಡ್ಡಿನ ಮಾತಲ್ಲಿ. ಕಾಮಿಕ್ಸ್ ನಾಯಕಿಯ ಸಿನಿಮಾ ಓಡಲ್ಲ ಅಂತ 2004ರ ಕ್ಯಾಟ್‌ವುಮನ್ ಸೋತಿದ್ದನ್ನು ಅವರು ಎತ್ತುತ್ತಾರೆ, ನೀವು 2017ರ ವಂಡರ್ ವುಮನ್ 80 ಕೋಟಿ ಡಾಲರ್ ದಾಟಿದ್ದನ್ನು ಹೇಳಬಹುದು, ಆದರೆ ಅವಳು ಮನೆಮಾತು, ಇವಳಲ್ಲ, ಹಾಗಾಗಿ ಆ ಹೋಲಿಕೆ ಜಾಸ್ತಿ ಎಳೆಯಬೇಡಿ. 2023ರ ದಿ ಮಾರ್ವೆಲ್ಸ್ ಮುಗ್ಗರಿಸಿತು ಅಂದರೆ ಸುಮ್ನೆ ಒಪ್ಪಿಕೊಳ್ಳಿ. ಆಮೇಲೆ ಕೇಳಿ: ಕಡಿಮೆ ಬಜೆಟ್ಟಿನಲ್ಲಿ, ಅನಿಮೇಷನ್‌ನಲ್ಲಿ ಮಾಡಿದರೆ? ನನ್ನ ಪ್ರಕಾರ ಇವಳಿಗೆ ಅದೇ ಸರಿ.