ಖಾಲಿ ಪಿಕಪ್ ಎತ್ತಿ ಹಾಕುತ್ತಿದೆಯೇ? ಶಾಕ್ ಬದಲಿಸುವ ಮೊದಲು ಟೈರು ನೋಡಿ

ಹೆವಿ ಡ್ಯೂಟಿ ಪಿಕಪ್ ಕೊಂಡವರು ಮೊದಲ ತಿಂಗಳಲ್ಲೇ ಹೇಳುವ ಮಾತು ಒಂದೇ: ‘ಸಣ್ಣ ಹೊಂಡ ಸಿಕ್ಕಿದರೂ ಹಿಂಭಾಗ ಎತ್ತಿ ಹಾಕುತ್ತೆ.’ ಆಮೇಲೆ ನೇರವಾಗಿ ಹೋಗಿ ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿಸಿಕೊಂಡು ಬರುತ್ತಾರೆ. ದುಡ್ಡು ಹೋಯಿತು, ಕುಲುಕಾಟ ಅಲ್ಲೇ ಉಳಿಯಿತು. ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಈಗ ಯಾರಾದರೂ ಶಾಕ್ ಮಾತು ಎತ್ತಿದರೆ ನಾನು ಮೊದಲು ಕೇಳುವುದು, ‘ಹಿಂದಿನ ಟೈರಲ್ಲಿ ಗಾಳಿ ಎಷ್ಟಿದೆ?’ ಅಂತ. ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ.

ಕಾರಣ ಸರಳ. ಫೋರ್ಡ್ ಎಫ್-250, ಶೆವರ್ಲೆ ಸಿಲ್ವರಾಡೊ 2500 ಇಂಥ ಗಾಡಿಗಳ ಹಿಂಭಾಗ ನಿಂತಿರುವುದು ದಪ್ಪ ಕಮಾನು ಪಟ್ಟಿಗಳ (ಲೀಫ್ ಸ್ಪ್ರಿಂಗ್) ಮೇಲೆ. ಟನ್‌ಗೂ ಜಾಸ್ತಿ ಭಾರ ಹೊರಲು ಮಾಡಿದ ಪಟ್ಟಿ ಅದು. ತೊಟ್ಟಿ ಖಾಲಿ ಇದ್ದಾಗ ಅದನ್ನು ಬಗ್ಗಿಸುವಷ್ಟು ತೂಕವೇ ಮೇಲಿರುವುದಿಲ್ಲ. ರ‍್ಯಾಮ್ 2500ಕ್ಕೆ 2014ರ ಮಾಡೆಲ್‌ನಿಂದ ಹಿಂದೆ ಸುರುಳಿ ಸ್ಪ್ರಿಂಗ್ ಬಂದಿದೆ. ಅದು ತುಸು ಮೆತ್ತಗೆ. ಆದರೆ ಟೈರಿನ ವಿಚಾರ ಅದಕ್ಕೂ ಇದೇ.

ಹಂತ 1: ಗಾಡಿ ತೂಗಿಸಿ

ವೇ ಬ್ರಿಡ್ಜ್ ಮೇಲೆ ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಮ್ಮೆ, ಹಿಂದಿನವನ್ನು ಮಾತ್ರ ನಿಲ್ಲಿಸಿ ಇನ್ನೊಮ್ಮೆ ತೂಗಿಸಿ. ನೀವು ದಿನಾ ಓಡಿಸುವ ಸ್ಥಿತಿಯಲ್ಲೇ ಗಾಡಿ ಇರಲಿ. ಟೂಲ್ ಬಾಕ್ಸ್ ಇದ್ದರೆ ಅದೂ ಇರಲಿ.

ಹಂತ 2: ಗಾಳಿ ಸರಿಮಾಡಿ

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಮುಂದೆ 60, ಹಿಂದೆ 80 ಪಿಎಸ್‌ಐ ಎಂಬಂಥ ಅಂಕಿ ಅದರಲ್ಲಿ ಕಾಣಬಹುದು. ಅದು ಗಾಡಿ ಪೂರ್ತಿ ಭಾರ ಹೊತ್ತಾಗ ಬೇಕಾದ ಒತ್ತಡ. ಖಾಲಿ ಗಾಡಿಗೆ ಅಷ್ಟು ತುಂಬಿಸಿದರೆ ಟೈರು ಕಲ್ಲಿನ ಗುಂಡಿನ ಹಾಗೆ ಆಗುತ್ತದೆ. ರಸ್ತೆಯ ಒಂದೊಂದು ಜೋಡಣೆಯೂ ಬೆನ್ನಿಗೆ ಬಡಿಯುತ್ತದೆ.

ಒಂದು ಲೆಕ್ಕ ನೋಡಿ. ಖಾಲಿ ಗಾಡಿಯ ಹಿಂದಿನ ಆಕ್ಸಲ್ ತೂಕ 1,300 ಕೆಜಿ ಬಂತು ಅಂದುಕೊಳ್ಳಿ. ಒಂದು ಟೈರಿಗೆ 650. ಟೈರಿನ ಪಕ್ಕೆಯಲ್ಲಿ ಲೋಡ್ ರೇಂಜ್ ‘ಇ’ (ಟೈರಿನ ಗಟ್ಟಿತನದ ದರ್ಜೆ), ಲೋಡ್ ಇಂಡೆಕ್ಸ್ 125 (ಹೊರುವ ತೂಕದ ಸಂಕೇತ) ಅಂತ ಇದ್ದರೆ, 80 ಪಿಎಸ್‌ಐನಲ್ಲಿ ಆ ಒಂದು ಟೈರು 1,650 ಕೆಜಿ ಹೊರಬಲ್ಲದು. ಅಂದರೆ ನೀವು ಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಜಾಸ್ತಿ ಸಾಮರ್ಥ್ಯಕ್ಕೆ ಗಾಳಿ ತುಂಬಿಸಿಕೊಂಡು ಓಡಾಡುತ್ತಿದ್ದೀರಿ.

ಟೈರು ತಯಾರಕರು ಯಾವ ತೂಕಕ್ಕೆ ಕನಿಷ್ಠ ಎಷ್ಟು ಒತ್ತಡ ಬೇಕು ಅನ್ನುವ ಪಟ್ಟಿ ಕೊಡುತ್ತಾರೆ. ನಿಮ್ಮ ಟೈರಿನ ಅಳತೆ ಹುಡುಕಿ, ತೂಕದ ಎದುರಿನ ಒತ್ತಡ ಗುರುತು ಹಾಕಿಕೊಳ್ಳಿ. ಅದಕ್ಕಿಂತ ಕೆಳಗೆ ಯಾವತ್ತೂ ಇಳಿಯಬೇಡಿ. ನಾನು ಅದರ ಮೇಲೆ ಇನ್ನೂ 10 ಪಿಎಸ್‌ಐ ಸೇರಿಸುತ್ತೇನೆ. ಲೆಕ್ಕ ಎಷ್ಟೇ ಕಡಿಮೆ ಬರಲಿ, ಹಿಂದಿನ ಟೈರನ್ನು 45ಕ್ಕಿಂತ ಕೆಳಗೆ ತರುವುದಿಲ್ಲ. ಗಾಡಿಯ ಕೈಪಿಡಿಯಲ್ಲಿ ಖಾಲಿ ಓಡಾಟಕ್ಕೆಂದೇ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ.

ಮುಂದಿನ ಟೈರು ಮುಟ್ಟುವ ಮುಂಚೆ ತೂಕದ ಚೀಟಿ ಮತ್ತೆ ನೋಡಿ. ಡೀಸೆಲ್ ಗಾಡಿಯಲ್ಲಿ ಎಂಜಿನ್ ಭಾರವೆಲ್ಲ ಮುಂದೆ. ಖಾಲಿ ಇದ್ದಾಗ ಮುಂದಿನ ಆಕ್ಸಲ್ಲೇ ಜಾಸ್ತಿ ತೂಗುತ್ತದೆ. ಹಿಂದೆ ಇಳಿಸಿದಷ್ಟೇ ಮುಂದೆಯೂ ಇಳಿಸಿದರೆ ಸ್ಟಿಯರಿಂಗ್ ಜೋಲಾಡುತ್ತದೆ, ಟೈರಿನ ಅಂಚು ಬೇಗ ಸವೆಯುತ್ತದೆ.

ಒಂದೇ ಸಲಕ್ಕೆ ಇಳಿಸಬೇಡಿ. 5 ಪಿಎಸ್‌ಐ ಇಳಿಸಿ, ಓಡಿಸಿ ನೋಡಿ, ಮತ್ತೆ 5. ಬೆಳಗ್ಗೆ ಗಾಡಿ ತೆಗೆಯುವ ಮೊದಲು, ಟೈರು ತಣ್ಣಗಿರುವಾಗಲೇ ಅಳೆಯಿರಿ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ತಾನಾಗಿ ಏರಿರುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಟೈರು ಕೊರತೆಯಲ್ಲಿರುತ್ತದೆ. ಸ್ವಂತದ್ದೊಂದು ಗೇಜ್ ಇಟ್ಟುಕೊಳ್ಳಿ. ಪಂಪಿನ ಮೇಲಿರುವ ಗೇಜನ್ನು ನಾನು ನಂಬುವುದಿಲ್ಲ.

ಸರಿಯಾಯಿತೋ ಇಲ್ಲವೋ ತಿಳಿಯಲು ಸೀಮೆಸುಣ್ಣ ಸಾಕು. ಟೈರಿನ ಅಗಲಕ್ಕೆ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ದಪ್ಪಗೆ ಗೀಟು ಎಳೆಯಿರಿ. ಸಮತಟ್ಟಾದ ಒಣ ರಸ್ತೆಯಲ್ಲಿ ನೇರವಾಗಿ ನೂರು ಮೀಟರ್ ಓಡಿಸಿ, ಇಳಿದು ಬಗ್ಗಿ ನೋಡಿ. ನಡುವೆ ಮಾತ್ರ ಅಳಿಸಿ ಎರಡು ಅಂಚಿನಲ್ಲೂ ಬಿಳಿ ಉಳಿದಿದ್ದರೆ ಗಾಳಿ ಇನ್ನೂ ಜಾಸ್ತಿ. ಅಂಚು ಅಳಿಸಿ ನಡುವೆ ಉಳಿದಿದ್ದರೆ ಕಡಿಮೆಯಾಗಿದೆ, ಕೂಡಲೇ ತುಂಬಿಸಿ. ಉದ್ದಕ್ಕೂ ಒಂದೇ ಸಮ ಮಾಸಿದ್ದರೆ ಸರಿ ಇದೆ. ಟೈರು ತಯಾರಕರ ಪಟ್ಟಿಯ ಕನಿಷ್ಠ ಅಂಕಿ ಮುಟ್ಟಿದ ಮೇಲೆ ಮಾತ್ರ ಗೀಟು ಏನೇ ಹೇಳಲಿ, ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಭಾರ ಹೇರುವ ಮೊದಲು, ಟ್ರೇಲರ್ ಕಟ್ಟುವ ಮೊದಲು ಸ್ಟಿಕ್ಕರಿನ ಒತ್ತಡಕ್ಕೆ ಮತ್ತೆ ತುಂಬಿಸಲೇಬೇಕು. ಕಡಿಮೆ ಗಾಳಿಯಲ್ಲಿ ಭಾರ ಹೊತ್ತರೆ ಟೈರಿನ ಪಕ್ಕೆ ಬಗ್ಗಿ ಬಗ್ಗಿ ಕಾದು ಸಿಡಿಯುತ್ತದೆ. ಇದನ್ನು ನೆನಪಿಡಲು ಆಗದವರು ಈ ಹಂತ ಬಿಟ್ಟುಬಿಡುವುದೇ ವಾಸಿ. ಒತ್ತಡ ಕಡಿಮೆ ಮಾಡಿದಾಗ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಹತ್ತಬಹುದು. ಅದರ ತಂತಿ ಕೀಳಲು ಹೋಗಬೇಡಿ.

ಇನ್ನೊಂದು ಮಾತು. ನೈಟ್ರೋಜನ್ ತುಂಬಿಸಿದರೆ ಗಾಡಿ ಮೆತ್ತಗಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒತ್ತಡ ಅಷ್ಟೇ ಇದ್ದರೆ ಓಟವೂ ಅಷ್ಟೇ.

ಹಂತ 3: ಗಾಡಿಯ ಕೆಳಗೆ ಬಗ್ಗಿ ನೋಡಿ

ಟಾರ್ಚ್ ಹಿಡಿದು ಕಮಾನು ಪಟ್ಟಿಯ ಹಿಂದಿನ ತುದಿ ನೋಡಿ. ಪಟ್ಟಿಯನ್ನು ಚಾಸಿಗೆ ತೂಗುಹಾಕುವ ಶಾಕಲ್ ಇರುವುದು ಅಲ್ಲೇ. ಅದರ ಬುಶ್ (ಬೋಲ್ಟಿನ ಸುತ್ತ ಕೂರುವ ಕೊಳವೆ) ಸುತ್ತ ಕೆಂಪು ತುಕ್ಕಿನ ಪುಡಿ ಕೂತಿದ್ದರೆ ಅದು ಬಿಗಿದುಕೊಂಡಿದೆ ಅಂತ ಅರ್ಥ. ಪಟ್ಟಿ ಬಗ್ಗುವಾಗ ಉದ್ದವಾಗಲು ಜಾಗವೇ ಸಿಗುವುದಿಲ್ಲ. ಪಟ್ಟಿಗಳ ನಡುವೆ ತುಕ್ಕು ಹಿಡಿದಿದ್ದರೂ ಇದೇ ಪಾಡು. ಉಜ್ಜಿ ತೊಳೆಸಿ. ಗ್ರೀಸ್ ಮಾತ್ರ ಬಳಿಯಬೇಡಿ, ಮಣ್ಣು ಹಿಡಿದು ಮರಳು ಕಾಗದದ ಹಾಗೆ ಆಗುತ್ತದೆ. ತುದಿಯ ಪ್ಲಾಸ್ಟಿಕ್ ಬಿಲ್ಲೆ ಸವೆದಿದ್ದರೆ ಬದಲಿಸಿ.

ಹಂತ 4: ಈಗ ಶಾಕ್

ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ. ಸ್ಪ್ರಿಂಗ್ ಕುಣಿಯುವುದನ್ನು ಅದು ತಡೆಯುತ್ತದೆ, ಅಷ್ಟೇ. ಹಾಗಾಗಿ ಖಾಲಿ ಓಡಾಟವೇ ಜಾಸ್ತಿ ಇರುವವರು ‘ಹೆವಿ ಡ್ಯೂಟಿ’ ಅಂತ ಬರೆದ ಗಟ್ಟಿ ಶಾಕ್ ತಗೊಂಡರೆ ಕುಲುಕಾಟ ಇನ್ನೂ ಜೋರಾಗುತ್ತದೆ. ಕಡಿಮೆ ಗ್ಯಾಸ್ ಒತ್ತಡದ ಟ್ವಿನ್ ಟ್ಯೂಬ್ ಶಾಕ್ ಕೇಳಿ ತಗೊಳ್ಳಿ. ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಮಾರುತ್ತಾರಲ್ಲ, ಅದು ಸ್ಪ್ರಿಂಗನ್ನು ಇನ್ನಷ್ಟು ಬಿರುಸು ಮಾಡುತ್ತದೆ. ಬೇಡವೇ ಬೇಡ.

ಕೂರಿಸುವಾಗ ಕೆಟ್ಟುಹೋಗುವ ಜಾಗ ಒಂದಿದೆ. ಗಾಡಿ ಜ್ಯಾಕ್ ಮೇಲಿದ್ದು ಆಕ್ಸಲ್ ನೇತಾಡುತ್ತಿರುವಾಗಲೇ ಬುಶ್ ಬೋಲ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ರಬ್ಬರ್ ಬುಶ್ ಒಳಗೆ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಗಾಡಿ ಕೆಳಗಿಳಿದಾಗ ಅದು ಆಗಲೇ ತಿರುಚಿಕೊಂಡು ನಿಂತಿರುತ್ತದೆ. ಬಿರುಸೂ ಹೆಚ್ಚು, ಬೇಗ ಹರಿಯುತ್ತದೆ. ಬೋಲ್ಟನ್ನು ಮೊದಲು ಕೈ ಬಿಗಿಗೆ ಬಿಡಿ. ಗಾಡಿ ಇಳಿಸಿ. ತೊಟ್ಟಿಯ ಅಂಚು ಹಿಡಿದು ಎರಡು ಮೂರು ಸಲ ಜೋರಾಗಿ ಅದುಮಿ ಬಿಡಿ. ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆ, ಚಕ್ರ ನೆಲದ ಮೇಲಿರುವಾಗಲೇ, ಕೈಪಿಡಿಯ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಶಾಕಲ್ ಬುಶ್ ಬದಲಿಸಿದರೂ ಇದೇ ಕ್ರಮ. ‘ಇದೆಲ್ಲ ಬೇಕಿಲ್ಲ’ ಅನ್ನುವ ಮೆಕ್ಯಾನಿಕ್ ಸಿಕ್ಕರೆ ಪಕ್ಕದಲ್ಲೇ ನಿಂತು ಮಾಡಿಸಿ.

ಹಂತ 5: ಪಟ್ಟಿ ಕಳಚುವ ಮುನ್ನ

‘ಒಂದು ಪಟ್ಟಿ ತೆಗೆಸಿಬಿಡಿ, ಮೆತ್ತಗಾಗುತ್ತೆ’ ಅನ್ನುವ ಸಲಹೆ ಬಂದೇ ಬರುತ್ತದೆ. ಎಷ್ಟೋ ಗಾಡಿಗಳಲ್ಲಿ ಎಲ್ಲಕ್ಕಿಂತ ಕೆಳಗಿನ ದಪ್ಪ ಪಟ್ಟಿ ಭಾರ ಬಿದ್ದಾಗ ಮಾತ್ರ ಮೇಲಿನವಕ್ಕೆ ತಾಗುತ್ತದೆ. ಖಾಲಿ ಇದ್ದಾಗ ಅದು ಕೆಲಸವನ್ನೇ ಮಾಡುತ್ತಿರುವುದಿಲ್ಲ. ತೆಗೆಸಿದರೆ ಮೆತ್ತಗಂತೂ ಆಗದು, ಹೊರುವ ಶಕ್ತಿ ಮಾತ್ರ ಹೋಗುತ್ತದೆ. ಮೇಲಿನ ಪಟ್ಟಿ ತೆಗೆದರೆ ಗಾಡಿ ಕುಸಿದು ಬಂಪ್ ಸ್ಟಾಪಿಗೆ (ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರ್ ತಡೆ) ಬಡಿಯುತ್ತದೆ, ಅದು ಇನ್ನೂ ಕೆಟ್ಟ ಪೆಟ್ಟು. ಭಾರ ಹೊರುವ ಕೆಲಸ ನಿಜವಾಗಿ ಕಡಿಮೆ ಇದ್ದರೆ ಇಡೀ ಕಟ್ಟನ್ನೇ ಮೆತ್ತಗಿನದಕ್ಕೆ ಬದಲಿಸಿ. ಅಪರೂಪಕ್ಕೆ ಬರುವ ಭಾರಕ್ಕೆ ಏರ್ ಬ್ಯಾಗ್ (ಸ್ಪ್ರಿಂಗಿಗೆ ಆಸರೆಯಾಗುವ ಗಾಳಿ ಚೀಲ, ಅಪಘಾತದಲ್ಲಿ ಉಬ್ಬುವುದಲ್ಲ) ಸೇರಿಸಿ. ಆಗ ಗಾಡಿ ಎಷ್ಟು ಹೊರಬಹುದು ಅನ್ನುವ ಮಿತಿ ಇಳಿಯುತ್ತದೆ, ಏರ್ ಬ್ಯಾಗ್ ಅದನ್ನು ವಾಪಸು ತಂದುಕೊಡುವುದಿಲ್ಲ.

ಪಟ್ಟಿಯ ಕಟ್ಟು ಬಿಚ್ಚಿದರೆ, ಅದನ್ನು ಆಕ್ಸಲ್ಲಿಗೆ ಹಿಡಿದಿಡುವ ಹಳೆಯ ಯು ಬೋಲ್ಟುಗಳನ್ನು ಮತ್ತೆ ಹಾಕಬೇಡಿ. ಒಮ್ಮೆ ಬಿಗಿದಾಗಲೇ ಅವು ಎಳೆದುಕೊಂಡಿರುತ್ತವೆ. ಹೊಸದನ್ನೇ ಹಾಕಿ, ಒಂದಷ್ಟು ನೂರು ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚ್ ಹಿಡಿದು ಇನ್ನೊಮ್ಮೆ ಬಿಗಿ ನೋಡಿ.