ದೀಪ ಮಂಕಾಗಲಿಲ್ಲ, ಸೆಲ್ಫ್ ಮಾತ್ರ ಮುಲುಕಿತು

ಬೆಳಗಿನ ಜಾವ ನಾಲ್ಕಕ್ಕೆ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಸೇವಂತಿಗೆ ಒಯ್ಯುವವನಿಗೆ ಕಾರಿನ ಮುನಿಸನ್ನು ತೀರಿಸುತ್ತ ಕೂರುವಷ್ಟು ವ್ಯವಧಾನವಿರುವುದಿಲ್ಲ. ಹಿಂದಿನ ಸೀಟು ಮಡಚಿ ಮೂಟೆ ತುಂಬಿಕೊಳ್ಳುವ ನನ್ನ ಹದಿನಾರು ವರ್ಷದ ಪೆಟ್ರೋಲ್ ಕಾರು ಕಳೆದ ಡಿಸೆಂಬರಿನಲ್ಲಿ ಕೀಲಿ ತಿರುಗಿಸಿದೊಡನೆ ಮುಲುಕತೊಡಗಿತು. ಮೂರು ನಾಲ್ಕು ಸಲ ಪ್ರಯತ್ನಿಸಿದ ಮೇಲೆ ಒಮ್ಮೆ ಹೊತ್ತಿಕೊಳ್ಳುತ್ತಿತ್ತು. ಹೊತ್ತಿಕೊಳ್ಳದ ದಿನ ಅಕ್ಕಪಕ್ಕದವರನ್ನು ಎಬ್ಬಿಸಿ ತಳ್ಳಿಸಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟು ಎಬ್ಬಿಸಬೇಕಾಗುತ್ತಿತ್ತು.

ಇಂಥ ಸಂದರ್ಭದಲ್ಲಿ ಮೊದಲು ಕಿವಿಗೊಡಬೇಕಾದದ್ದು ಬ್ಯಾಟರಿಯಿಂದ ಓಡುವ ಸೆಲ್ಫ್ ಮೋಟಾರಿನ (ಸ್ಟಾರ್ಟರ್) ಸದ್ದಿಗೆ. ಅದು ಎಂಜಿನ್ನನ್ನು ಚುರುಕಾಗಿ ತಿರುಗಿಸಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಪೆಟ್ರೋಲು, ಕಿಡಿ ಇವುಗಳ ಕಡೆ ನೋಡಬೇಕು. ತಿರುಗುವುದೇ ನಿಧಾನವಾದರೆ ವಿದ್ಯುತ್ತಿನ ಕಡೆ ನೋಡಬೇಕು. ನನ್ನದು ಎರಡನೆಯ ಬಗೆ. ಕಂಡವರೆಲ್ಲ ಬ್ಯಾಟರಿ ವೀಕ್ ಎಂದರು. ಚಳಿಯಲ್ಲಿ ಎಂಜಿನ್ ಆಯಿಲ್ ಗಟ್ಟಿಯಾಗುವುದೂ ಬ್ಯಾಟರಿಯ ಕಸುವು ಕುಗ್ಗುವುದೂ ನಿಜವೇ ಆದ್ದರಿಂದ ನಾನೂ ಒಪ್ಪಿ, ಏನನ್ನೂ ಅಳೆಯದೆ ಹೊಸ ಬ್ಯಾಟರಿ ಹಾಕಿಸಿದೆ. ಹತ್ತು ದಿನ ಕೊಂಚ ಸುಧಾರಿಸಿದಂತೆ ಕಂಡ ಕಾರು ಮತ್ತೆ ಹಳೆಯ ಚಾಳಿಗೆ ಮರಳಿತು.

ಸುಳಿವು ಸಿಕ್ಕಿದ್ದು ಕತ್ತಲಿನಿಂದಾಗಿ. ಒಂದು ಮುಂಜಾನೆ ಹೆಡ್‌ಲೈಟ್ ಆರಿಸುವುದನ್ನು ಮರೆತು ಕೀಲಿ ತಿರುಗಿಸಿದಾಗ, ಸೆಲ್ಫ್ ಏದುಸಿರು ಬಿಡುತ್ತಿದ್ದರೂ ಎದುರಿನ ದನದ ಕೊಟ್ಟಿಗೆಯ ಗೋಡೆಯ ಮೇಲೆ ಬಿದ್ದಿದ್ದ ಬೆಳಕು ಹೆಚ್ಚೇನೂ ಮಂಕಾಗಲಿಲ್ಲ. ಬ್ಯಾಟರಿಯೇ ಸೋತಿದ್ದರೆ ದೀಪವೂ ಅದರೊಂದಿಗೆ ಸೋಲಬೇಕಿತ್ತು. ಅಂದರೆ ಬ್ಯಾಟರಿಯಲ್ಲಿ ಕಸುವಿದೆ, ಆದರೆ ಅದು ಸೆಲ್ಫ್ ಮೋಟಾರನ್ನು ಮುಟ್ಟುವ ದಾರಿಯಲ್ಲೋ, ಅಲ್ಲಿಂದ ಹಿಂದಿರುಗುವ ದಾರಿಯಲ್ಲೋ ತಡೆಯಿದೆ ಎಂದು ನನಗೆ ಅನ್ನಿಸಿತು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಿಂದೆಂದೋ ಕೊಂಡಿದ್ದ, ವೋಲ್ಟ್ ಮತ್ತು ಓಮ್ ಅಳೆಯುವ ಮಲ್ಟಿಮೀಟರನ್ನು ಹೊರತೆಗೆದೆ. ರಾತ್ರಿಯಿಡೀ ನಿಂತಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿತು, ಅದು ತುಂಬು ಚಾರ್ಜಿನ ಲಕ್ಷಣ. ತಳ್ಳಿಸಿ ಎಂಜಿನ್ ಎಬ್ಬಿಸಿದ ಮೇಲೆ 14.2 ಬಂದಿತು, ಬ್ಯಾಟರಿಗೆ ಚಾರ್ಜು ತುಂಬುವ ಆಲ್ಟರ್ನೇಟರೂ ನಿರ್ದೋಷಿ. ಬಳಿಕ ಪ್ರವಾಹವನ್ನು ಕಾರಿನ ಬಾಡಿಯ ಮೂಲಕ ಬ್ಯಾಟರಿಯ ಋಣ ಕಂಬಕ್ಕೆ ಹಿಂದಿರುಗಿಸುವ ಅರ್ತಿಂಗ್ ತಂತಿಗಳನ್ನು ಮೀಟರಿನ ಬೀಪ್ ಸದ್ದಿನಲ್ಲಿ ಪರೀಕ್ಷಿಸಿದೆ, ಎಲ್ಲ ಕಡೆಯೂ ಬೀಪ್ ಎಂದಿತು, ನಾನು ಮೋಸ ಹೋದೆ. ಒಂದೇ ಒಂದು ಎಳೆ ಉಳಿದಿದ್ದರೂ ಮೀಟರು ಬೀಪ್ ಎನ್ನುತ್ತದೆ. ಸೆಲ್ಫ್ ಮೋಟಾರು ಎಳೆಯುವುದು ಸುಮಾರು 150 ಆಂಪಿಯರ್. ಅಷ್ಟು ಪ್ರವಾಹಕ್ಕೆ ಓಮಿನ ನೂರನೇ ಒಂದು ಪಾಲಿನ ತಡೆ ಎದುರಾದರೂ ಒಂದೂವರೆ ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಅಷ್ಟು ಸಣ್ಣ ತಡೆಯನ್ನು ಸಾಮಾನ್ಯ ಮೀಟರಿನ ಓಮ್ ಅಳತೆ ಹಿಡಿಯಲಾರದು. ಆದ್ದರಿಂದ ಸೆಲ್ಫ್ ತಿರುಗುತ್ತಿರುವಾಗಲೇ ಅಳೆಯಬೇಕು.

ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಹೊತ್ತಿಕೊಳ್ಳದಿರಲೆಂದು ಎಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಪಂಪಿನ ಫ್ಯೂಸ್ ಕಿತ್ತು, ಮಗನನ್ನು ಕೀಲಿಯ ಬಳಿ ಕೂರಿಸಿದೆ. ಐದೈದು ಸೆಕೆಂಡಿನಂತೆ, ನಡುವೆ ಬಿಡುವು ಕೊಟ್ಟು ಸೆಲ್ಫ್ ಹೊಡೆಸಿದೆ. ಬ್ಯಾಟರಿಯ ಎರಡು ಕಂಬಗಳ ನಡುವೆ 10.9 ವೋಲ್ಟ್. ಧನ ಕಂಬದಿಂದ ಸೆಲ್ಫ್ ಮೋಟಾರಿನ ಬೋಲ್ಟಿನವರೆಗೆ ದಾರಿಯಲ್ಲಿ ಕರಗಿದ್ದು 0.3, ಅದನ್ನು ಒಪ್ಪಬಹುದು. ಋಣ ಕಂಬದಿಂದ ಎಂಜಿನ್ನಿನ ಬರಿಲೋಹಕ್ಕೆ ಮುಟ್ಟಿಸಿದಾಗ 1.7 ಬಂದಿತು. ಅಲ್ಲಿ 0.2ಕ್ಕಿಂತ ಹೆಚ್ಚು ಬರಬಾರದು. ಅದೇ ಋಣ ಕಂಬದಿಂದ ಕಾರಿನ ಬಾಡಿಯ ಲೋಹಕ್ಕೆ ಅಳೆದರೆ ಕೇವಲ 0.1. ಹಾಗಾದರೆ ಉಳಿದ 1.6 ವೋಲ್ಟನ್ನು ನುಂಗುತ್ತಿದ್ದುದು ಬಾಡಿಗೂ ಎಂಜಿನ್ನಿಗೂ ನಡುವಿನ ಹೆಣೆದ ತಾಮ್ರದ ಅರ್ತಿಂಗ್ ಪಟ್ಟಿ. ಹೆಡ್‌ಲೈಟುಗಳ ಅರ್ತಿಂಗ್ ಬಾಡಿಯಲ್ಲೇ ಮುಗಿಯುವುದರಿಂದ ಅವುಗಳಿಗೆ ಈ ತೊಂದರೆ ತಟ್ಟಿರಲಿಲ್ಲ. ಸಂಶಯ ಉಳಿಯಬಾರದೆಂದು ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಋಣ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿಗೂ ಕಚ್ಚಿಸಿ ಹೊಡೆಸಿದಾಗ ಸೆಲ್ಫ್ ಹೊಸದರಂತೆ ಗಿರ್ರೆಂದು ತಿರುಗಿತು.

ಪಟ್ಟಿ ಗೇರ್‌ಬಾಕ್ಸಿನ ಕೆಳಗಿತ್ತು. ಬಿಚ್ಚಿದರೆ ತಾಮ್ರವೆಲ್ಲ ಹಸಿರು ಕಿಲುಬು, ಅರ್ಧದಷ್ಟು ಎಳೆಗಳು ತುಂಡಾಗಿದ್ದವು. ಎರಡು ವರ್ಷದ ಹಿಂದೆ ಕ್ಲಚ್ ಕೆಲಸ ಮಾಡಿಸಿದಾಗ ಅದನ್ನು ಮಣ್ಣು, ತುಕ್ಕಿನ ಮೇಲೆಯೇ ಬಿಗಿದಿದ್ದಂತೆ ತೋರಿತು. ಬ್ಯಾಟರಿ ಕೇಬಲ್ಲಿನಷ್ಟೇ ದಪ್ಪದ ಹೊಸ ಪಟ್ಟಿ ತಂದು, ಎರಡೂ ತುದಿಯ ಲೋಹವನ್ನು ಎಮರಿ ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದಾದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಮತ್ತೆ ಅಳೆದಾಗ 1.7 ಇದ್ದದ್ದು 0.15ಕ್ಕೆ ಇಳಿದಿತ್ತು. ವಿಚಿತ್ರವೆಂದರೆ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜ್ ಮೊದಲಿಗಿಂತ ತಗ್ಗಿ 10.5 ಆಗಿತ್ತು. ದಾರಿ ಸುಗಮವಾಗಿ ಮೋಟಾರು ತನಗೆ ಬೇಕಾದಷ್ಟು ಪ್ರವಾಹವನ್ನು ಎಳೆಯುತ್ತಿದೆ ಎಂದು ಅರಿಯದಿದ್ದರೆ ನಾನು ಮತ್ತೆ ಬ್ಯಾಟರಿಯನ್ನೇ ದೂರುತ್ತಿದ್ದೆನೇನೋ.

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ಆ ಎರಡು ತಿಂಗಳಿಂದ ಆಕ್ಸಿಲರೇಟರ್ ಪೆಡಲ್ ತೊಡರುತ್ತಿತ್ತು, ಅದನ್ನು ನಾನು ವಯಸ್ಸಿನ ದೋಷವೆಂದು ಬಿಟ್ಟಿದ್ದೆ. ಅರ್ತಿಂಗ್ ಪಟ್ಟಿ ಕೈಕೊಟ್ಟಾಗ ಪ್ರವಾಹದ ಒಂದು ಪಾಲು ಎಂಜಿನ್ನನ್ನೂ ಬಾಡಿಯನ್ನೂ ಬೆಸೆಯುವ ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ಹರಿದು ಅದನ್ನು ಕಾಯಿಸಿತ್ತು. ಹೊರತೆಗೆದು ನೋಡಿದರೆ ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಮೆತ್ತಿಕೊಂಡಿತ್ತು. ಅದನ್ನೂ ಬದಲಿಸಿದ ಮೇಲೆಯೇ ಹೂವಿನ ಮೂಟೆ ಮತ್ತೆ ಕಾರು ಹತ್ತಿದ್ದು.